ಹಕ್ಕಿಗಳು ಇನ್ನೂ ದಾರಿಯಲ್ಲಿದ್ದವು

ಆಕಾಶಕ್ಕೆ ಗೋಡೆ ಕಟ್ಟದೆ, ಹಾರುವ ಜೀವಕ್ಕೆ ಮರಳುವ ದಾರಿಯನ್ನು ಅದರ ಎದೆಯೊಳಗೇ ಇಟ್ಟು ಕಳಿಸಿದ ಪರಮಾತ್ಮನಿಗೆ ಮೊದಲ ವಂದನೆ. ನ್ಯಾಯವೆಂಬುದು ಮನೆಯುಳ್ಳವನ ಬಾಗಿಲಲ್ಲಿ ಕಾವಲು ನಿಲ್ಲುವ ಆಳಲ್ಲ, ಬಾಗಿಲು ಕಳೆದುಕೊಂಡವನ ಜೊತೆಗೂ ನಡೆದುಹೋಗುವ ಸಂಗಾತಿ ಎಂಬ ಅರಿವನ್ನು ಈ ಕಥೆ ಹೇಳುವ ನಾಲಗೆಗೂ ಕೇಳುವ ಕಿವಿಗೂ ಆತನು ಕರುಣಿಸಲಿ.

ಇಂಗ್ಲೆಂಡಿನ ಈಶಾನ್ಯದ ಹ್ಯಾಗರ್‌ಬೆಕ್‌ನಲ್ಲಿ ಕಲ್ಲಿದ್ದಲ ಗಣಿ ಮುಚ್ಚಿ ಬಹಳ ಕಾಲವಾದರೂ ಅದು ಗಣಿಯ ಊರೆಂದೇ ಕರೆಸಿಕೊಳ್ಳುತ್ತದೆ. ಅಲ್ಲಿ ಭುಜಕ್ಕೆ ಭುಜ ಕೊಟ್ಟು ನಿಂತ ಇಟ್ಟಿಗೆ ಮನೆಗಳ ಬೀದಿಯೊಂದಕ್ಕೆ ಆ ಶನಿವಾರ ಬೆಳಗ್ಗೆ ಕಬ್ಬಿಣದ ದೊಡ್ಡ ಕಸದ ತೊಟ್ಟಿಯೊಂದು ಲಾರಿಯ ಮೇಲೆ ಬಂದು ಇಳಿಯಿತು. ಅಂಥ ಬಾಡಿಗೆ ತೊಟ್ಟಿ ಯಾವ ಮನೆಯ ಮುಂದೆ ಕೂತರೂ ಬೀದಿಯವರಿಗೆ ಸಂಗತಿ ತಿಳಿಯುತ್ತದೆ: ಒಳಗೆ ಯಾರೋ ಸತ್ತಿದ್ದಾರೆ, ಇಲ್ಲವೆ ಒಳಗಿದ್ದವರನ್ನು ಯಾರೋ ಹೊರಹಾಕಿದ್ದಾರೆ.

ಬಾಡಿಗೆದಾರ ವಿಲ್ಫ್ ಸ್ಟೋಬ್ಸ್ ಸತ್ತಿರಲಿಲ್ಲ. ಗುರುವಾರ ಕೋರ್ಟಿನ ಅಮೀನ ಬಂದು, ಆದೇಶ ತೋರಿಸಿ, ಬೀಗ ಬದಲಿಸಿ, ಹೊಸ ಬೀಗದ ಕೈಯನ್ನು ಮನೆಯೊಡತಿ ಡೊರೀನ್ ಹೆಸ್ಲಪ್‌ಳ ಅಂಗೈಯಲ್ಲಿಟ್ಟು ಹೋಗಿದ್ದ. ವಿಲ್ಫ್ ಬಾಡಿಗೆ ತಪ್ಪಿಸಿದವನಲ್ಲ. ಗಟ್ಟಿಯಾಗಿ ರೇಡಿಯೋ ಹಾಕಿದವನೂ ಅಲ್ಲ. ಡೊರೀನ್‌ಳ ಮಗಳು ಲಿಂಡ್ಸೆ ತುಂಬು ಬಸುರಿ, ಅವಳ ಸಂಸಾರಕ್ಕೊಂದು ಮನೆ ಬೇಕಿತ್ತು. ವಿಲ್ಫ್ ಪಂದ್ಯಕ್ಕೆ ಹಾರುವ ಪಾರಿವಾಳ ಸಾಕುವವನು; ಊರಿನಲ್ಲಿ ಅವುಗಳ ಗೂಡಿಗೆ ಜಾಗ ಕೊಡುವ ಮಾಲೀಕ ಸಿಗದೆ ಕೊನೆಯವರೆಗೂ ಅಲ್ಲೇ ಉಳಿದಿದ್ದ. ಅಮೀನ ಬಂದ ದಿನ ಒಂದು ಚೀಲ ಹಿಡಿದು, ಪಕ್ಕದೂರಿನಲ್ಲಿ ಮಹಡಿಯ ಮೇಲಿರುವ ತಂಗಿಯ ಮನೆಗೆ ಹೊರಟ. ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ಹೇಳಿದ್ದ: "ಉಳಿದ ಸಾಮಾನಿಗೆ ಆಮೇಲೆ ಬರ್ತೀನಿ, ಮಿಸೆಸ್ ಹೆಸ್ಲಪ್. ಹಿತ್ತಲಿನ ಗೂಡಿಗೆ ಮಾತ್ರ ಕೈ ಹಚ್ಚಬೇಡಿ. ಹಕ್ಕಿಗಳು ಇನ್ನೂ ದಾರೀಲಿವೆ."

ವಯಸ್ಸಾದವರ ಮಾತಿಗೆ ಆಡಿಸುವಂತೆ ಡೊರೀನ್ ತಲೆಯಾಡಿಸಿದ್ದಳು. ಆ ತಲೆಯಾಟಕ್ಕೆ ಯಾವ ಅರ್ಥವೂ ಇರಲಿಲ್ಲ.

ಈಗ ಅವಳು ವಿಲ್ಫ್‌ನ ಅಡುಗೆಮನೆಯಲ್ಲಿ ಏಪ್ರನ್ ಕಟ್ಟಿ ನಿಂತಿದ್ದಳು. ಹಿತ್ತಲಿನಿಂದ ಗಂಡ ಕ್ಲಿಫ್‌ನ ಹಾರೆಯ ಸದ್ದು ಕೇಳುತ್ತಿತ್ತು. ಪಿಂಗಾಣಿ ಲೋಟಗಳು, ಚಳಿಗಾಲದ ಬೂಟು, ಗೋಡೆಯ ಮೇಲಿದ್ದ ಪಾರಿವಾಳಗಳ ಪಟಗಳು, ಎಲ್ಲವೂ ಅವಳ ಕೈಯಿಂದಲೇ ಬೀದಿಯ ತೊಟ್ಟಿಗೆ ಸಾಗುತ್ತಿದ್ದವು. ಕಿಟಕಿಯ ದಂಡೆಯ ಮೇಲೆ ಹಳೆಯ ಟಾಫಿ ಡಬ್ಬಿಯೊಂದಿತ್ತು. ಬಣ್ಣ ಹೋಗಿತ್ತು, ಪಕ್ಕ ನೆಗ್ಗಿತ್ತು, ತಳದಲ್ಲಿ ಎಂಥದೋ ಕಾಳು ಗಲಗಲ ಎನ್ನುತ್ತಿತ್ತು.

"ಕ್ಲಿಫ್, ಈ ಡಬ್ಬಿನೂ ಹಾಕ್ಲಾ?" ಎಂದು ಕೂಗಿ ಕೇಳಿದಳು.

"ಎಲ್ಲಾ ಹಾಕು. ಅವನ ಹಲ್ಲಿನ ಸೆಟ್ಟು ಸಿಕ್ರೂ ಹಾಕು."

ಡೊರೀನ್ ನಕ್ಕಳು. ಬೀದಿಗೆ ಹೋಗಿ ಡಬ್ಬಿಯನ್ನು ತೊಟ್ಟಿಯೊಳಕ್ಕೆ ಎಸೆದಳು. ಎದುರು ಮನೆಯ ನೋರಾ ಅದಾಗಲೇ ವಿಲ್ಫ್‌ನ ತೋಳುಕುರ್ಚಿಯನ್ನು ತೊಟ್ಟಿಯಿಂದ ಇಳಿಸಿಕೊಂಡು ತನ್ನ ಬಾಗಿಲಿನತ್ತ ಎಳೆಯುತ್ತಿದ್ದಳು. ತೊಟ್ಟಿಗೆ ಬಿದ್ದದ್ದು ಬೀದಿಯ ಸೊತ್ತು ಎಂಬುದು ಆ ಬೀದಿಯ ನಂಬಿಕೆ. ಯಾರೂ ಅದನ್ನು ಕದಿಯುವುದು ಎನ್ನುವುದಿಲ್ಲ.

ಹಿತ್ತಲಿಗೆ ಬಂದಾಗ ಕ್ಲಿಫ್ ಗೂಡಿನ ಮಾಡಿನ ಅರ್ಧ ಕಿತ್ತಿದ್ದ. ಬಿಳಿ ಹಸಿರು ಪಟ್ಟೆ ಬಳಿದ ಮರದ ಗೂಡು, ಇಟ್ಟಿಗೆಗಳ ಮೇಲೆ ಕೂರಿಸಿದ್ದು, ವಿಲ್ಫ್‌ನ ಕೈಕೆಲಸ. ಹಕ್ಕಿಗಳು ಬಂದು ಇಳಿಯಲೆಂದು ಮುಂಭಾಗಕ್ಕೆ ಜೋಡಿಸಿದ್ದ ಇಳಿಹಲಗೆ ಈಗ ನೆಲದ ಮೇಲೆ ಮೊಳೆಗಳ ಸಮೇತ ಬಿದ್ದಿತ್ತು.

ಹಿತ್ತಲ ಗೇಟಿನಾಚೆ, ಓಣಿಯಲ್ಲಿ, ವಿಲ್ಫ್ ನಿಂತಿದ್ದ. ಬಸ್ಸು ಹಿಡಿದು ಬಂದಿರಬೇಕು.

"ಏನ್ ಮಾಡ್ತಿದ್ದೀಯ ಕ್ಲಿಫ್?"

"ನೀನೇನ್ ಮಾಡ್ತಿದ್ದೀಯ ಇಲ್ಲಿ? ಗೇಟಿನ ಈಚೆ ಕಾಲಿಟ್ರೆ ಪೊಲೀಸರನ್ನ ಕರೀತೀನಿ, ನೋಡು."

"ಕಾಲಿಡಲ್ಲ. ಗೂಡು ಬಿಡು ಅಷ್ಟೆ. ಹಕ್ಕಿಗಳನ್ನ ಬುಧವಾರ ಸಂಜೆ ಪಂದ್ಯದ ಲಾರಿಗೆ ಹಾಕಿ ಕಳಿಸಿದ್ದೀನಿ, ಸಮುದ್ರದಾಚೆಗೆ; ಅಲ್ಲಿ ಬಿಟ್ರೆ ಗೂಡಿಗೆ ಹಾರಿ ಬರ್ಬೇಕು. ಮಂಜು ಅಂತ ಎರಡು ದಿನ ತಡೆದ್ರು. ಇವತ್ತು ಬೆಳಗಿನ ಜಾವ ಬಿಟ್ಟಿದ್ದಾರೆ. ಈಗ ಬರೋ ಹೊತ್ತು."

"ಗೂಡು ಖಾಲಿ ಇದೆ. ಕಣ್ಣಾರೆ ನೋಡಿದ್ದೀನಿ."

"ಖಾಲಿ ಇರಲ್ವೇನೋ, ಹಕ್ಕಿ ಆಕಾಶದಲ್ಲಿದ್ರೆ?"

"ಹಾಗಾದ್ರೆ ನಿನ್ನ ತಂಗಿ ಮನೆಗೆ ಹೋಗೋಕೆ ಹೇಳು."

ವಿಲ್ಫ್ ಗೇಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡ. "ಅವಕ್ಕೆ ಇದೊಂದೇ ಗೂಡು ಗೊತ್ತಿರೋದು, ಕ್ಲಿಫ್. ಇಲ್ಲೇ ಮರಿಯಾಗಿ ಇಲ್ಲಿಂದಾನೇ ಮೊದಲು ಹಾರಿದ್ದು. ಅಮೀನ ಬಂದ, ಕೋರ್ಟು ಹೇಳ್ತು, ನಾನು ಹೋದೆ. ಒಂದು ಮಾತು ಎದುರಾಡಿದ್ನಾ? ಕೋರ್ಟು ಆ ಹಕ್ಕಿಗಳಿಗೆ ಏನೂ ಹೇಳಿಲ್ಲ."

ಡೊರೀನ್ ನೆಲದ ಮೇಲಿನ ಹಲಗೆಯನ್ನೊಮ್ಮೆ ನೋಡಿದಳು. ಆದರೂ ಅವಳು ಗಂಡನ ಪಕ್ಕದಲ್ಲೇ ನಿಂತಳು. ಮನೆ ತಮ್ಮದು, ಬೀಗದ ಕೈ ತಮ್ಮದು. ಸೋತವನ ಕಣ್ಣೀರಿಗೆಲ್ಲ ಕರಗುತ್ತ ಕೂತರೆ ಲಿಂಡ್ಸೆಯ ತೊಟ್ಟಿಲು ಎಲ್ಲಿ ಕಟ್ಟುವುದು ಎಂದು ತನಗೆ ತಾನೇ ಹೇಳಿಕೊಂಡಳು.

ಅಷ್ಟರಲ್ಲಿ ಮನೆಯೊಳಗಿಂದ ಹಾದು ಮಾರ್ಜರಿ ಥೋಬರ್ನ್ ಹಿತ್ತಲಿಗೆ ಬಂದಳು. ಡೊರೀನ್‌ಳ ಹಳೆಯ ಗೆಳತಿ ಅವಳು, ಊರಿನಲ್ಲೇ ವಕೀಲೆ. ಶನಿವಾರಗಳಂದು ಇಬ್ಬರೂ ಸೇರಿ ಚಾಪೆಲ್‌ನಲ್ಲಿ ಭಾನುವಾರದ ಪ್ರಾರ್ಥನೆಗೆ ಹೂವು ಜೋಡಿಸುವ ವಾಡಿಕೆ. ಕಂಕುಳಲ್ಲಿ ಡೇಲಿಯಾ ಹೂವಿನ ಕಟ್ಟು ಇತ್ತು. ಮುರಿದ ಗೂಡನ್ನು, ಗೇಟಿನಾಚೆಯ ಮುದುಕನನ್ನು, ಕ್ಲಿಫ್‌ನ ಕೈಯ ಹಾರೆಯನ್ನು ಒಂದೊಂದಾಗಿ ನೋಡಿದಳು.

"ಏನಪ್ಪಾ ಕ್ಲಿಫ್, ಗಣಿ ಮತ್ತೆ ತೆರೀತಿದ್ದೀಯಾ?"

"ನನ್ನ ಮನೆ ಖಾಲಿ ಮಾಡ್ತಿದ್ದೀನಿ."

"ಮನೆ ನಿಂದು, ಒಪ್ಪಿದೆ. ಬೀದೀಲಿ ತೊಟ್ಟಿ ತುಂಬ ಬಿದ್ದಿದೆಯಲ್ಲ, ಅದು ಯಾರ್ದು?"

"ಬಿಟ್ಟು ಹೋದವನ ಸಾಮಾನು. ಅಂದ್ರೆ ಈಗ ನಮ್ದು. ಕೋರ್ಟೇ ಕೊಟ್ಟಿದೆ."

"ಕೋರ್ಟು ಕೊಟ್ಟಿದ್ದು ಮನೆ. ಅವನ ಕುರ್ಚಿ, ಅವನ ಚಡ್ಡಿ, ಅವನ ಗೂಡು ಕೊಟ್ಟಿಲ್ಲ. ಆ ಆದೇಶದಲ್ಲಿ ಒಂದು ಸಾಲು ಹಾಗಿದ್ರೆ ತೋರ್ಸು, ಇವತ್ತೇ ವಕೀಲಿ ಬಿಟ್ಟುಬಿಡ್ತೀನಿ."

"ಅವನೇ ಬಿಟ್ಟು ಹೋದ್ನಲ್ಲ, ಮಾರ್ಜರಿ," ಎಂದಳು ಡೊರೀನ್.

"ಬಿಟ್ಟು ಹೋದ್ನೋ, ಹೊರಗೆ ನಿಲ್ಸಿ ಬೀಗ ಹಾಕಿದ್ರೋ? ಆಮೇಲೆ ಬರ್ತೀನಿ ಅಂತ ಹೇಳಿ ಹೋದ ಅಂತ ನೀನೇ ನಂಗೆ ಹೇಳಿದ್ದು. ಇಲ್ಲೇ ಗೇಟಿನಲ್ಲಿ ನಿಂತು ಇದು ನಂದು ಅಂತ ಕೂಗ್ತಿದ್ದಾನೆ. ಬಿಟ್ಟು ಹೋದವರು ಹೀಗಿರ್ತಾರಾ?"

ಕ್ಲಿಫ್ ಹಾರೆಯನ್ನು ನೆಲಕ್ಕೆ ಕುಟ್ಟಿದ. "ಈ ಕಾನೂನು ಯಾವಾಗ್ಲೂ ಬಾಡಿಗೆಯವರ ಕಡೆಗೇ."

"ಗುರುವಾರ ನಿನ್ನ ಕಡೆಗಿತ್ತಲ್ಲ." ಮಾರ್ಜರಿಯ ದನಿ ಏರಲಿಲ್ಲ, ಹರಿತವಾಯಿತು. "ನೀನೇ ಬೀಗ ಒಡೆದು ಅವನನ್ನ ಎಳೆದು ಹಾಕಿದ್ಯಾ? ಇಲ್ಲ. ಅದು ಅಪರಾಧ ಅಂತ ಗೊತ್ತಿತ್ತು. ಅರ್ಜಿ ಕೊಟ್ಟೆ, ಕಾದೆ, ಅಮೀನ ಬಂದ. ಅಮೀನ ಬರೋವರೆಗೂ ಕಾನೂನು ಬೇಕು, ಅವನು ಬೆನ್ನು ತಿರುಗಿಸಿದ್ಮೇಲೆ ಹಾರೆ ಸಾಕು. ಹಾಗಾ?"

"ಹಾಗಾದ್ರೆ ನಾವು ಜೀವಮಾನವಿಡೀ ಅವನ ಸಾಮಾನು ಕಾಯ್ತಾ ಕೂರ್ಬೇಕಾ?" ಡೊರೀನ್‌ಳಿಗೂ ಈಗ ಸಿಟ್ಟು ಬಂದಿತ್ತು. ತಪ್ಪು ಎದುರಿಗೆ ಬಂದು ನಿಂತಾಗ ಬರುವ ಸಿಟ್ಟು ಅದು. "ಮಗು ಹುಟ್ಟೋದು ಇವನ ಬೂಟಿನ ರಾಶಿ ಮಧ್ಯೆನಾ?"

"ಹಾಗಂತ ಯಾರು ಹೇಳಿದ್ರೇ? ಕೇಳು. ಮೊದಲು ಇನ್ನೊಬ್ಬರನ್ನ ಜೊತೆಗಿಟ್ಕೊಂಡು ಒಂದೊಂದು ಕೋಣೆಗೂ ಹೋಗಿ ಏನೇನಿದೆ ಅಂತ ಬರ್ಕೋಬೇಕು, ಫೋಟೋ ತೆಗೀಬೇಕು. ಕೊಳೆತ ಹಾಲು, ತರಕಾರಿ, ನಿಜವಾದ ಕಸ, ಅದನ್ನ ಎಸೀಬಹುದು. ಉಳಿದಿದ್ದನ್ನ ಕೆಡದ ಹಾಗೆ ಒಂದು ಕಡೆ ಇಡಬೇಕು. ನಿಮ್ಮ ಗ್ಯಾರೇಜಲ್ಲಿ ಇಟ್ರೂ ನಡೆಯುತ್ತೆ. ಆಮೇಲೆ ಅವನಿಗೆ ನೋಟಿಸು ಕೊಡಬೇಕು: ನಿನ್ನ ಇಂತಿಂಥ ಸಾಮಾನು ಇಂಥ ಕಡೆ ಇದೆ, ಇಂಥ ದಿನದೊಳಗೆ ಬಂದು ತಗೊಂಡು ಹೋಗು, ಇಲ್ಲಾಂದ್ರೆ ಮಾರ್ತೀವಿ, ವಿಲೇವಾರಿ ಮಾಡ್ತೀವಿ ಅಂತ. ಕೊಡೋ ಗಡುವು ನ್ಯಾಯವಾಗಿರ್ಬೇಕು. ಇವತ್ತು ಕೊಟ್ಟು ನಾಳೆ ಅನ್ನೋ ಹಾಗಿಲ್ಲ."

"ಅವನು ಎಲ್ಲಿದ್ದಾನೆ ಅಂತ್ಲೇ ಗೊತ್ತಿಲ್ದಿದ್ರೆ?" ಎಂದಳು ಡೊರೀನ್.

"ಹುಡುಕ್ಬೇಕು. ಫೋನು, ನೆಂಟರು, ಕೆಲ್ಸದ ಜಾಗ. ಹುಡುಕಿದ್ದಕ್ಕೆ ಗುರುತಿರ್ಬೇಕು. ಇಲ್ಲಂತೂ ಹುಡುಕೋದೇ ಬೇಡ, ಗೇಟಿನಲ್ಲೇ ನಿಂತಿದ್ದಾನೆ. ಗಡುವು ಮುಗಿದು ಮಾರಿದ್ರೂ, ಮಾರೋ ಖರ್ಚು ಕಳೆದು ಉಳಿದಿದ್ದು ಅವನದೇ. ಈ ಯಾವುದನ್ನೂ ಮಾಡ್ದೆ ತೊಟ್ಟಿಗೆ ಸುರಿದ್ರೆ, ಅವನು ನಷ್ಟಕ್ಕೆ ನಿಮ್ಮ ಮೇಲೇ ದಾವೆ ಹಾಕಬಹುದು. ಹಾಕು ಅಂತ ಮೊದಲು ಹೇಳೋಳು ನಾನೇ."

"ನೀನು ನಮ್ಮ ಗೆಳತಿನಾ, ಅವನ ವಕೀಲೆನಾ?" ಎಂದ ಕ್ಲಿಫ್.

"ಗೆಳತಿ ಆಗಿದ್ದಕ್ಕೇ ಪುಕ್ಕಟೆ ಹೇಳ್ತಿದ್ದೀನಿ."

ಕ್ಲಿಫ್ ಬಾಯಿ ತೆರೆದ. ಉತ್ತರ ಬರುವ ಮೊದಲೇ ಗೇಟಿನಿಂದ ವಿಲ್ಫ್‌ನ ದನಿ ಬಂತು.

"ಬಂದ್ವು."

ಬೀದಿಯ ಕೊನೆಯ ಚಾಪೆಲ್ಲಿನ ಮಾಡಿನ ಮೇಲಿಂದ, ಬೂದು ಆಕಾಶದಲ್ಲಿ, ಅಂಗೈಯಿಂದ ಚೆಲ್ಲಿದ ಎಳ್ಳಿನಂತೆ ಕೆಲವು ಕಪ್ಪು ಚುಕ್ಕೆಗಳು ಮೂಡಿದವು. ಕ್ಷಣದಲ್ಲಿ ರೆಕ್ಕೆಗಳಾದವು. ಕಡಲು ದಾಟಿ, ಹೆಸರು ತಿಳಿಯದ ಊರುಗಳ ಗೋಪುರಗಳನ್ನೆಲ್ಲ ಹಿಂದಿಕ್ಕಿ, ಇಂಗ್ಲೆಂಡಿನ ಸಾವಿರಾರು ಹಿತ್ತಲುಗಳಲ್ಲಿ ಈ ಒಂದೇ ಹಿತ್ತಲನ್ನು ಅರಸಿ ಬಂದ ಆ ಪುಟ್ಟ ಜೀವಗಳು ತಲೆಯ ಮೇಲೆ ಒಂದು ಸುತ್ತು ಹಾಕಿದವು. ಇಳಿಯಲು ರೆಕ್ಕೆ ಬಾಗಿಸಿದವು. ಮಾಡಿಲ್ಲದ ಗೂಡನ್ನೂ, ಹಲಗೆಯಿಲ್ಲದ ಬಾಗಿಲನ್ನೂ ಕಂಡು ಬೆದರಿ ಮತ್ತೆ ಮೇಲೇರಿದವು. ಇನ್ನೊಂದು ಸುತ್ತು, ಮತ್ತೂ ಒಂದು. ಒಂದು ಹಕ್ಕಿ ಇಳಿಹಲಗೆ ಇರಬೇಕಾಗಿದ್ದ ಜಾಗಕ್ಕೆ ಬಂದು, ಬರಿಯ ಗಾಳಿಯಲ್ಲಿ ಕಾಲು ಚಾಚಿ, ತತ್ತರಿಸಿ ಹಾರಿತು.

ಡೊರೀನ್ ಅದನ್ನು ಕಂಡಳು. ಮನೆಗೆ ಬಂದ ಜೀವವೊಂದು ಹೊಸ್ತಿಲಿಗಾಗಿ ಕಾಲು ಚಾಚಿದ್ದು, ಹೊಸ್ತಿಲು ಅಲ್ಲಿರದಿದ್ದದ್ದು. ಇಷ್ಟು ಹೊತ್ತೂ ಮಾರ್ಜರಿ ಹೇಳಿದ ಕಾನೂನು ಕಿವಿಗೆ ಬಿದ್ದಿತ್ತು. ಈಗ ಅದು ಎದೆಗೆ ಇಳಿಯಿತು.

"ಗೇಟು ತೆಗಿ ಕ್ಲಿಫ್," ಎಂದಳು.

"ಡೊರೀನ್..."

"ತೆಗಿ ಅಂದೆ."

ಅವನು ಅಲುಗಾಡದ್ದನ್ನು ಕಂಡು ತಾನೇ ಹೋಗಿ ಚಿಲಕ ಸರಿಸಿದಳು. ವಿಲ್ಫ್ ಒಳಗೆ ಬಂದವನೇ ಕಿಟಕಿಯ ಕಡೆ ಧಾವಿಸಿದ. "ಡಬ್ಬಿ ಎಲ್ಲಿ? ದಂಡೆ ಮೇಲೆ ಟಾಫಿ ಡಬ್ಬಿ ಇತ್ತಲ್ಲ. ಅದರ ಸದ್ದು ಕೇಳಿದ್ರೆ ಇಳೀತಾವೆ. ಮರಿ ಆಗಿದ್ದಾಗಿಂದ ಆ ಸದ್ದಿಗೇ ಕಾಳು ಹಾಕಿದ್ದೀನಿ."

ಡೊರೀನ್ ಮನೆಯನ್ನು ಹಾದು ಬೀದಿಗೆ ಓಡಿದಳು. ತೊಟ್ಟಿಯ ಅಂಚು ಅವಳ ಎದೆಯ ಮಟ್ಟಕ್ಕಿತ್ತು. ಇನ್ನೇನು ಅಜ್ಜಿಯಾಗಲಿದ್ದ ಹೆಂಗಸು, ಚಾಪೆಲ್ಲಿಗೆಂದು ಇಸ್ತ್ರಿ ಮಾಡಿ ಉಟ್ಟ ಸ್ಕರ್ಟನ್ನು ಮೊಣಕಾಲಿನವರೆಗೆ ಎತ್ತಿಕೊಂಡು, ಇಡೀ ಬೀದಿ ನೋಡುತ್ತಿರುವಾಗಲೇ ಕಸದ ತೊಟ್ಟಿಯೊಳಕ್ಕೆ ಇಳಿದಳು.

"ಏನಮ್ಮಾ ಡೊರೀನ್, ಏನಾದ್ರೂ ಒಳ್ಳೇದು ಸಿಗ್ತಾ?" ತನ್ನ ಬಾಗಿಲಲ್ಲಿ, ವಿಲ್ಫ್‌ನ ತೋಳುಕುರ್ಚಿಯಲ್ಲೇ ಕೂತು ನೋರಾ ಕೇಳಿದಳು.

"ಆ ಕುರ್ಚಿಯಿಂದ ಏಳು ನೋರಾ. ಅದು ನಿಂದಲ್ಲ."

"ಅಯ್ಯೋ, ತೊಟ್ಟಿಗೆ ಹಾಕಿದ್ದು ಯಾರು, ನಾನಾ?"

ಡೊರೀನ್ ಬೂಟುಗಳನ್ನು ಸರಿಸಿ ಹುಡುಕಿದಳು. ಒಡೆದ ಲೋಟಗಳ ಚೂರು ಬೆರಳು ಕೊಯ್ದಿತು. ಪಾರಿವಾಳಗಳ ಪಟವೊಂದರ ಕೆಳಗೆ ಡಬ್ಬಿ ಸಿಕ್ಕಿತು. ಮುಚ್ಚಳ ಬಿಟ್ಟಿರಲಿಲ್ಲ, ಕಾಳು ಒಳಗೇ ಇತ್ತು.

ಅವಳು ಹಿತ್ತಲಿಗೆ ಮರಳಿದಾಗ ವಿಲ್ಫ್ ನೆಲದ ಹಲಗೆಯನ್ನು ಎತ್ತಲು ಹೆಣಗುತ್ತಿದ್ದ. ಡಬ್ಬಿ ಕಂಡವನೇ ಹಲಗೆಯನ್ನು ಕ್ಲಿಫ್‌ನ ಕೈಗೆ ನೂಕಿದ.

"ಹಿಡ್ಕೋ. ಗೂಡಿನ ಬಾಯಿಗೆ ಸರಿಯಾಗಿ. ಇನ್ನೂ ಮೇಲೆ. ಅಲುಗಾಡ್ಬೇಡ."

ಕ್ಲಿಫ್ ಹಿಡಿದ. ಹಿಡಿಯಬಾರದೆಂದು ಯೋಚಿಸುವಷ್ಟು ಹೊತ್ತು ಯಾರೂ ಅವನಿಗೆ ಕೊಡಲಿಲ್ಲ. ಹಾರೆ ಹಿಡಿದಿದ್ದ ಎರಡು ಕೈಗಳು ಈಗ ಹಲಗೆಯನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದು ನಿಂತವು.

ವಿಲ್ಫ್ ಡಬ್ಬಿ ಅಲ್ಲಾಡಿಸಿದ. ಗಲಗಲ. ನಾಲಗೆಯಿಂದ ಸಣ್ಣಗೆ ಸಿಳ್ಳು ಹಾಕಿದ. "ಬಾ ಮಗಳೇ. ಬನ್ರೋ. ಬನ್ನಿ, ಬನ್ನಿ."

ಸುತ್ತು ಕಿರಿದಾಯಿತು. ಮೊದಲ ಹಕ್ಕಿ, ಬಿಳಿ ರೆಕ್ಕೆಯದು, ಕ್ಲಿಫ್‌ನ ಕಿವಿಯ ಪಕ್ಕದಲ್ಲೇ ಬಂದು ಹಲಗೆಯ ಮೇಲೆ ಕಾಲೂರಿತು. ಅದರ ಭಾರಕ್ಕೆ ಹಲಗೆ ತುಸುವೇ ತೂಗಿತು.

"ಉಸಿರಾದ್ರೂ ಆಡ್ಬಹುದಾ?" ಎಂದು ಕ್ಲಿಫ್ ತುಟಿ ಅಲುಗದಂತೆ ಕೇಳಿದ.

"ಸ್ವಲ್ಪ ಆಡು," ಎಂದ ವಿಲ್ಫ್.

ಹಕ್ಕಿಗಳು ಒಂದರ ಹಿಂದೆ ಒಂದು ಇಳಿದು, ಕ್ಲಿಫ್‌ನ ಬೆರಳುಗಳನ್ನು ತುಳಿದು ಗೂಡಿನೊಳಗೆ ಹೋದವು. ಒಂದನ್ನು ಬಿಟ್ಟು ಎಲ್ಲವೂ ಬಂದವು. ನೀಲಿ ಬಣ್ಣದ ಹೆಣ್ಣು ಹಕ್ಕಿಯೊಂದು ಮಾತ್ರ ಮುರಿದ ಮಾಡಿನ ಮೇಲೆ ಒಮ್ಮೆ ಸುಳಿದು, ಚಾಪೆಲ್ಲಿನ ಮೇಲೆ ಹಾದು, ಕಡಲಿನ ಕಡೆ ತಿರುಗಿಕೊಂಡಿತು. ಡಬ್ಬಿಯ ಸದ್ದು ಅದನ್ನು ಮುಟ್ಟಲಿಲ್ಲ. ವಿಲ್ಫ್ ಕೈ ಸೋಲುವವರೆಗೂ ಅಲ್ಲಾಡಿಸಿದ.

ಕೊನೆಗೆ ಡಬ್ಬಿಯನ್ನು ಕೆಳಗಿಟ್ಟು ಕ್ಲಿಫ್‌ನತ್ತ ತಿರುಗಿದ. "ನೀನು ಮನೆ ಕೇಳ್ದೆ, ನಾನು ಕೊಟ್ಟೆ. ನನ್ನ ಕೈಲಿದ್ದಿದ್ದು ಅದು. ಆ ನೀಲಿ ಮಗಳು ಗಾಳಿಲಿದ್ಲು. ಅವಳನ್ನ ಕೇಳೋಕೆ ನಿಂಗೆ ಹಕ್ಕಿರಲಿಲ್ಲ, ಕೊಡೋಕೆ ನಂಗೂ ಹಕ್ಕಿರಲಿಲ್ಲ."

ಕ್ಲಿಫ್ ಇನ್ನೂ ಹಲಗೆ ಹಿಡಿದೇ ನಿಂತಿದ್ದ. ಇಳಿಸಬಹುದೆಂದು ಯಾರೂ ಹೇಳಿರಲಿಲ್ಲ. "ಮೊಳೆ ಎಲ್ಲಿವೆ?" ಎಂದು ಕೇಳಿದ.

ಸಂಜೆಯೊಳಗೆ ಮಾಡು ಮತ್ತೆ ಕೂತಿತು. ತೊಟ್ಟಿಯೊಳಗಿನದೆಲ್ಲ ಹೊರಬಂದು ಗ್ಯಾರೇಜು ಸೇರಿತು; ಒಡೆದ ಲೋಟಗಳಿಗೆ ಬೆಲೆ ಕಟ್ಟಿಕೊಡುವುದಾಗಿ ಡೊರೀನ್ ತಾನೇ ಹೇಳಿದಳು. ನೋರಾ ಗೊಣಗುತ್ತ ಕುರ್ಚಿ ತಂದಿಟ್ಟಳು. ಅಡುಗೆಮನೆಯ ಮೇಜಿನ ಮೇಲೆ ಮಾರ್ಜರಿ ಹೇಳಿಕೊಟ್ಟಂತೆ ಕ್ಲಿಫ್ ನೋಟಿಸು ಬರೆದ. ಗಡುವು ಎಷ್ಟೆಂದು ಬರೆಯುವ ಮೊದಲು ತಲೆಯೆತ್ತಿ, "ಹೊಸ ಜಾಗಕ್ಕೆ ಗೂಡು ಸಾಗ್ಸೋಕೆ ನಿಂಗೆ ಎಷ್ಟು ದಿನ ಬೇಕು?" ಎಂದು ವಿಲ್ಫ್‌ನನ್ನೇ ಕೇಳಿದ. ಅಮೀನ ಬರುವ ಮೊದಲೇ ಕೇಳಬಹುದಾಗಿದ್ದ ಪ್ರಶ್ನೆ ಅದು.

ಗಡುವಿನೊಳಗೇ, ಊರಾಚೆ ತರಕಾರಿ ಬೆಳೆಯುವ ತುಂಡು ಭೂಮಿಯೊಂದು ವಿಲ್ಫ್‌ಗೆ ಗುತ್ತಿಗೆಗೆ ಸಿಕ್ಕಿತು. ಗೂಡು ಇಟ್ಟಿಗೆಗಳಿಂದ ಮೇಲೆದ್ದು ಲಾರಿ ಏರಿತು. ಒಂದು ಪಕ್ಕವನ್ನು ಕ್ಲಿಫ್ ಹೊತ್ತ. ಹಳೆಯ ಹಕ್ಕಿಗಳನ್ನು ವಿಲ್ಫ್ ಇನ್ನು ಹೊರಗೆ ಬಿಡುವುದಿಲ್ಲ, ಬಿಟ್ಟರೆ ಹಳೆಯ ಹಿತ್ತಲಿಗೇ ಬರುತ್ತವೆ; ಅವುಗಳ ಮರಿಗಳು ಹೊಸ ಜಾಗವನ್ನು ತಮ್ಮದೆಂದು ಕಲಿಯಲಿವೆ.

ಲಿಂಡ್ಸೆಯ ಮಗು ಹುಟ್ಟಿತು. ಡೊರೀನ್ ಆ ಹಿತ್ತಲಿನಲ್ಲಿ ಮಗುವಿನ ಬಟ್ಟೆ ಹರವುವಾಗ ಇಂದಿಗೂ ಒಮ್ಮೆ ಚಾಪೆಲ್ಲಿನ ಮಾಡಿನತ್ತ ನೋಡುತ್ತಾಳೆ. ವಿಲ್ಫ್ ಕೊಟ್ಟುಹೋದ ಒಂದು ಹಿಡಿ ಕಾಳು ಕಿಟಕಿಯ ದಂಡೆಯ ಮೇಲಿದೆ. ನೀಲಿ ಹೆಣ್ಣು ಈವರೆಗೆ ಬಂದಿಲ್ಲ.

ಮನೆ ಬಾಡಿಗೆಗೆ ಕೊಟ್ಟಿರುವ ಅಣ್ಣಂದಿರೇ, ಅಕ್ಕಂದಿರೇ, ಕೋರ್ಟು ನಿಮಗೆ ಮನೆಯನ್ನು ಹಿಂದಿರುಗಿಸಿದರೆ ಮನೆಯನ್ನು ತೆಗೆದುಕೊಳ್ಳಿ, ಅದು ನಿಮ್ಮ ಹಕ್ಕು. ಒಳಗಿರುವ ವಸ್ತು ಹೋದವರದ್ದು. ನೋಡಿ, ಬರೆದಿಡಿ, ಜೋಪಾನ ಮಾಡಿ, ತಿಳಿಸಿ, ನ್ಯಾಯವಾದ ಗಡುವು ಕೊಡಿ. ಆ ಮೇಲಷ್ಟೇ ಮುಂದಿನ ಮಾತು. ಊರೂರಿಗೆ, ದೇಶದೇಶಕ್ಕೆ ನಿಯಮ ಬೇರೆ ಇದ್ದೀತು. ಹಾರೆ ಎತ್ತುವ ಮೊದಲು ನಿಮ್ಮಲ್ಲಿನ ವಕೀಲರನ್ನೋ ಉಚಿತ ಕಾನೂನು ನೆರವಿನ ಕಚೇರಿಯನ್ನೋ ಕೇಳಿ. ಯಾವುದು ಕಸ ಎಂದು ತೀರ್ಮಾನಿಸುವ ಅಧಿಕಾರ ಬೀಗದ ಕೈಯೊಂದಿಗೆ ಬರುವುದಿಲ್ಲ. ಬಾಡಿಗೆಗೆ ಇರುವವರೇ, ನಿಮ್ಮನ್ನು ಹೊರಡಿಸಿದರೆಂದು ನಿಮ್ಮ ವಸ್ತುಗಳ ಮೇಲಿನ ಹಕ್ಕು ಹೊರಡುವುದಿಲ್ಲ. ಕೇಳಿ ಪಡೆಯಿರಿ, ಬರವಣಿಗೆಯಲ್ಲಿ ಕೇಳಿ.

ಈ ಕಥೆಯನ್ನು ಓದಿದವರ, ಓದಿಸಿ ಕೇಳಿದವರ ಮನೆಗೆ ಮಾಡು ಗಟ್ಟಿಯಾಗಿರಲಿ. ದೂರ ಹೋದ ನಿಮ್ಮವರು ಸಂಜೆಯೊಳಗೆ ಮರಳಲಿ. ಮರಳಿ ಬಂದವರು ಕಾಲು ಚಾಚಿದಲ್ಲಿ ಹೊಸ್ತಿಲು ಇರಲಿ. ಎಲ್ಲರಿಗೂ ಒಳಿತಾಗಲಿ.